ನರಕವೂ ದೇವರ ಪ್ರೀತಿಯೂ

ನಂಬಿಕೆಯಿಲ್ಲದೆ ತೀರಿಹೋದ ಪ್ರಿಯರೊಬ್ಬರಿಗಾಗಿ ದುಃಖಿಸುವ ಮನೆಯಲ್ಲಿ ನರಕವೆಂಬುದು ಬರಿಯ ಶಾಸ್ತ್ರವಿಚಾರವಾಗಿ ಉಳಿಯದು. ಪ್ರೀತಿಸ್ವರೂಪನಾದ ದೇವರು ತಾನು ಸೃಜಿಸಿದ ಜೀವವನ್ನು ಕೊನೆಯಿಲ್ಲದ ಬೆಂಕಿಗೆ ಒಪ್ಪಿಸುವನೇ? ಅಂಥ ಶೋಕದ ದಿನಗಳಲ್ಲಿ ಈ ಪ್ರಶ್ನೆಯು ನಮ್ಮನ್ನೂ ಕಾಡಿದುದುಂಟು.

ಕ್ರೈಸ್ತಸಭೆಯ ಹಿರಿಯರು ಇದಕ್ಕೆ ಒಂದೇ ಉತ್ತರವನ್ನು ಕೊಟ್ಟಿಲ್ಲ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಒರಿಜೆನನು, ದೇವರ ದಂಡನೆಯು ವೈದ್ಯನ ಚಿಕಿತ್ಸೆಯಂತೆ ಗುಣಪಡಿಸತಕ್ಕದ್ದೆಂದು ಬಗೆದನು. 5ನೆಯ ಶತಮಾನದಲ್ಲಿ ಅಗಸ್ಟೀನನು ಅದು ಕೊನೆಯಿಲ್ಲದ್ದೆಂದು ವಾದಿಸಿದನು. ಪಶ್ಚಿಮದ ಸಭೆಯು ಬಹುಮಟ್ಟಿಗೆ ಅವನನ್ನೇ ಅನುಸರಿಸಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಫ್. ಡಿ. ಮಾರಿಸರು, ದೇವರನ್ನು ಅರಿಯುವುದೇ ನಿತ್ಯಜೀವ, ಆತನಿಂದ ಅಗಲಿರುವುದೇ ನಿತ್ಯಮರಣ, ‘ನಿತ್ಯ’ವೆಂದರೆ ಕಾಲದ ಅಳತೆಯಲ್ಲವೆಂದು ಬರೆದರು. ಅದಕ್ಕಾಗಿ 1853ರಲ್ಲಿ ತಮ್ಮ ಹುದ್ದೆಯನ್ನೇ ಕಳೆದುಕೊಂಡರು.

ನಮಗೆ ಮಾರಿಸರ ಮಾತು ಒಪ್ಪಿಗೆಯಾಗಿದೆ. ಪ್ರೀತಿಯು ಯಾರನ್ನೂ ಬಲಾತ್ಕರಿಸದು; ಆದುದರಿಂದ ಅದನ್ನು ತಿರಸ್ಕರಿಸುವ ಸ್ವಾತಂತ್ರ್ಯವು ಮನುಷ್ಯನಿಗುಂಟು, ಆ ತಿರಸ್ಕಾರವೇ ನರಕವು. ಆದರೆ ತಪ್ಪಿಹೋದ ಒಂದು ಕುರಿಯನ್ನು ಸಿಕ್ಕುವ ತನಕ ಹುಡುಕಿದ ಕುರುಬನ ಸಾಮ್ಯವನ್ನು ಯೇಸುಸ್ವಾಮಿಯು ಹೇಳಿರುವನಲ್ಲವೇ? ಆ ಹುಡುಕಾಟಕ್ಕೆ ಗಡುವನ್ನು ಗೊತ್ತುಮಾಡುವ ಅಧಿಕಾರವು ನಮಗಿಲ್ಲ. ಮನೆಯ ಮಕ್ಕಳಿಗೆ ಬೆಂಕಿಯ ಭಯವನ್ನು ಹೇಳುವುದಕ್ಕೆ ಮೊದಲು ಆ ಕುರುಬನ ಕಥೆಯನ್ನು ಹೇಳೋಣ.