ಬಾಗಿಲ ಮರೆಯ ಓದು

ನಮ್ಮ ಮನೆಯಲ್ಲಿ ಐದು ಜನ, ಫೋನು ಮೂರು. ಅದರಲ್ಲಿ ಒಂದು ನನ್ನದು. ಹೆಸರಿಗೆ ಮಾತ್ರ ನನ್ನದು ಅನ್ನಿ. ಬೆಳಿಗ್ಗೆ ಮಾವನವರಿಗೆ ಸುಪ್ರಭಾತ ಕೇಳೋದಕ್ಕೆ ಅದೇ ಬೇಕು, ಮಧ್ಯಾಹ್ನ ಅತ್ತೆಯವರಿಗೆ ಧಾರಾವಾಹಿ, ಸಂಜೆ ಮಗಳಿಗೆ ಪಾಠ. ರಾತ್ರಿ ನನ್ನ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಚಾರ್ಜೂ ಇರುವುದಿಲ್ಲ, ನನ್ನಲ್ಲೂ ಇರುವುದಿಲ್ಲ!

ಹೋದ ವರ್ಷ ನನಗೊಂದು ಹೊಸ ಕಾಟ ಶುರುವಾಯಿತು. ಒಲೆಯ ಮುಂದೆ ನಿಂತಿದ್ದರೆ ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬೆಂಕಿ ಹತ್ತಿದ ಹಾಗೆ ಝಳ. ಎರಡು ನಿಮಿಷಕ್ಕೆ ರವಿಕೆಯೆಲ್ಲ ಒದ್ದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ತಿಂಗಳ ಲೆಕ್ಕ ತಪ್ಪಿತು. ಒಮ್ಮೆ ಎರಡು ತಿಂಗಳು ಸುದ್ದಿಯೇ ಇಲ್ಲ, ಬಂದರೆ ಹತ್ತು ದಿನ ನಿಲ್ಲುವುದಿಲ್ಲ. ಸಣ್ಣ ಮಾತಿಗೂ ಸಿಡುಕು. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತು ಅಂದದ್ದಕ್ಕೆ ಸೌಟನ್ನು ಅಲ್ಲೇ ಎಸೆದು ಹಿತ್ತಲಿಗೆ ಹೋಗಿ ಅತ್ತೆ.

ನಲವತ್ತಾರು ವರ್ಷ. ಇದು ಏನು ಅಂತ ನನಗೆ ಅರೆಬರೆ ಗೊತ್ತಿತ್ತು. ಆದರೆ ಯಾರನ್ನು ಕೇಳೋಣ? ಅತ್ತೆಯವರು "ವಯಸ್ಸಾಯ್ತಲ್ಲಮ್ಮ, ಎಲ್ಲರಿಗೂ ಆಗೋದೇ" ಅಂದು ಮಾತು ಮುಗಿಸಿಬಿಟ್ಟರು. ಇವರನ್ನು ಕೇಳೋದು ಹೇಗೆ? ಕೊನೆಗೆ ಒಂದು ರಾತ್ರಿ ಫೋನಿನಲ್ಲೇ ಹುಡುಕಿದೆ. ನಾಲ್ಕು ಸಾಲು ಓದಿ, ಅಳಿಸಿ, ಮಲಗಿದೆ.

ಮಾರನೆಯ ದಿನ ಮಾವನವರು ಭಜನೆ ಹಾಕಿಕೊಂಡು ಕೂತಿದ್ದಾರೆ. ಭಜನೆಯ ನಡುವೆ ಬಂತು ನೋಡಿ ಜಾಹೀರಾತು! "ಮಹಿಳೆಯರೇ, ಮುಟ್ಟು ನಿಲ್ಲುವ ವಯಸ್ಸೇ?" ಅಂತ ಜೋರಾಗಿ. ಮಾವನವರು ಕೆಮ್ಮಿದರು. ಮಗಳು ನನ್ನ ಮುಖ ನೋಡಿದಳು. ನಾನು ಕೊಬ್ಬರಿ ತುರಿಯುವ ನೆಪ ಮಾಡಿಕೊಂಡು ಅಡಿಗೆಮನೆಯಿಂದ ಹೊರಗೆ ಬರಲೇ ಇಲ್ಲ. ಒಂದು ವಾರ ಅದೇ ಜಾಹೀರಾತು. ಮನಸ್ಸಿನೊಳಗೆ ಪಿಸುಗುಟ್ಟಿಕೊಂಡದ್ದನ್ನು ಯಾರೋ ಬೀದಿಯಲ್ಲಿ ಡಂಗುರ ಹೊಡೆದಂತಾಯಿತು.

ದಸರಾ ರಜೆಗೆ ಅಣ್ಣನ ಮಗ ಬಂದ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಜೀವ ಕೊಟ್ಟ. ಕೋಡುಬಳೆ ತಿನ್ನುತ್ತಾ ಕೂತಿದ್ದಾಗ ಫೋನಿನ ಜಾಹೀರಾತಿನ ಫಜೀತಿಯನ್ನು, ವಿಷಯ ಏನು ಅಂತ ಹೇಳದೆ, ಹೇಳಿಕೊಂಡೆ. ಅವನು ನಗಲಿಲ್ಲ. "ಅತ್ತೆ, ನೀವು ಏನು ಓದ್ತೀರಿ ಅಂತ ನಾನು ಕೇಳಲ್ಲ. ಆದರೆ ಯಾರೂ ಹಿಂದೆ ನಿಂತು ನೋಡದ ಹಾಗೆ ಓದೋ ಒಂದು ಹಳೇ ದಾರಿ ಇದೆ, ತೋರಿಸ್ತೀನಿ. ಅಪ್ಪ ಓದ್ತಿದ್ದಿದ್ದೂ ಅದರಲ್ಲೇ" ಅಂದ.

ಕಪ್ಪು ಪರದೆ ತೆರೆದ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಥಟ್ಟನೆ ನೆನಪಾಯಿತು! 1997ರಲ್ಲಿ ಬೆಂಗಳೂರಿನಲ್ಲಿ ಅಣ್ಣನ ಸ್ನೇಹಿತರ ಕೋಣೆಯಲ್ಲಿ ಇಂಥದ್ದೇ ಪರದೆ ನೋಡಿದ್ದೆ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ರಿಂದ, ವಿ.ಎಸ್.ಎನ್.ಎಲ್. ಮೂಲಕ. ಚಿತ್ರ ಕಾಣುವ ಖಾತೆ ಬಹಳ ದುಬಾರಿ. ವಿದ್ಯಾರ್ಥಿಗಳು ಅಗ್ಗದ 'ಶೆಲ್' ಖಾತೆ ತೆಗೆದುಕೊಂಡು ಬರೀ ಅಕ್ಷರಗಳಲ್ಲೇ ಲೋಕ ನೋಡುತ್ತಿದ್ದರು. ಅಮೆರಿಕಾಕ್ಕೆ ಹೋದ ನಮ್ಮ ಹುಡುಗರು 'ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ' ಅನ್ನೋ ಗುಂಪಿನಲ್ಲಿ ಬರೆದದ್ದನ್ನು ಅಣ್ಣ ಓದಿ ಹೇಳುತ್ತಿದ್ದ.

ಇದಕ್ಕೆ 'ಯೂಸ್‌ನೆಟ್' ಅಂತ ಹೆಸರು. 1979ರಲ್ಲಿ ಅಮೆರಿಕಾದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಯೋಚಿಸಿದ್ದು. 1980ರಲ್ಲಿ ಎಲ್ಲರಿಗೂ ತಿಳಿಯಿತು. ಒಂದೊಂದು ವಿಷಯಕ್ಕೆ ಒಂದೊಂದು 'ನ್ಯೂಸ್‌ಗ್ರೂಪ್'. ನೀವು ಒಂದು ಕಾಗದ ಬರೆದು ನಿಮ್ಮ ಊರಿನ ಯಂತ್ರಕ್ಕೆ ಹಾಕಿದರೆ, ಅದು ಪಕ್ಕದ ಊರಿನ ಯಂತ್ರಕ್ಕೆ ಒಂದು ಪ್ರತಿ ಕೊಡುತ್ತದೆ, ಅದು ಮುಂದಿನದಕ್ಕೆ, ಹೀಗೆ ಲೋಕವೆಲ್ಲ. ಇದಕ್ಕೆ ಒಬ್ಬ ಯಜಮಾನ ಅಂತ ಇಲ್ಲ. ಅಡಿಗೆಗೆ 'ರೆಕ್.ಫುಡ್.ಕುಕಿಂಗ್', ತೋಟಕ್ಕೆ 'ರೆಕ್.ಗಾರ್ಡನ್ಸ್', ಹೀಗೆ ಹೆಸರುಗಳು. ನಾನು ಪಟ್ಟಿಯಲ್ಲಿ ಇಳಿಯುತ್ತಾ ಹೋಗುವಾಗ ಹುಡುಗ ಕಾಫಿ ಬೇಕು ಅನ್ನುವ ನೆಪ ಮಾಡಿ ಎದ್ದುಹೋದ. ಬುದ್ಧಿವಂತ! 'ಆಲ್ಟ್.ಸಪೋರ್ಟ್.ಮೆನೋಪಾಸ್' ಅಂತ ಒಂದು ಹೆಸರು ಕಣ್ಣಿಗೆ ಬಿತ್ತು. ನನ್ನ ಕಾಟಕ್ಕೇ ಒಂದು ಗುಂಪು!

ಓದುವ ಪ್ರೋಗ್ರಾಮಿನ ಹೆಸರು 'ಟಿನ್'. 1991ರಲ್ಲಿ ಇಯಾನ್ ಲೀ ಎಂಬುವರು ಮಾಡಿದ್ದು. ಹೆಸರು ಕೇಳಿ ನನಗೆ ನಗು ಬಂತು. ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುವ ನಮ್ಮಂಥವರಿಗೆ ಹೇಳಿಮಾಡಿಸಿದ ಹೆಸರಲ್ಲವೇ? ಮೌಸ್ ಬೇಡ, ಕೀಲಿಮಣೆ ಸಾಕು. ಬಾಣದ ಕೀಲಿ ಒತ್ತಿ ಗುಂಪು ಆರಿಸುವುದು, ಎಂಟರ್ ಒತ್ತಿದರೆ ಕಾಗದಗಳ ಪಟ್ಟಿ. ಸ್ಪೇಸ್ ಒತ್ತಿದರೆ ಮುಂದಿನ ಪುಟ, ಟ್ಯಾಬ್ ಒತ್ತಿದರೆ ಓದದ ಮುಂದಿನ ಕಾಗದ. 'ಕ್ಯೂ' ಅಕ್ಷರ ಒತ್ತಿದರೆ ಹಿಂದಕ್ಕೆ. ಯಾರಾದರೂ ಬಂದರೆ ಎರಡು ಮೂರು ಸಲ 'ಕ್ಯೂ' ಒತ್ತಿದರಾಯಿತು, ಖಾಲಿ ಪರದೆ. ಮಾವನವರು ನಾನು ಲೆಕ್ಕ ಬರೆಯುವುದು ಕಲಿಯುತ್ತಿದ್ದೇನೆ ಅಂತ ತಿಳಿದುಕೊಂಡಿದ್ದರು.

ಹೊರಡುವ ಮುಂಚೆ ಹುಡುಗನನ್ನು ಕೂರಿಸಿಕೊಂಡು ಕೇಳಿದೆ: "ನಿಜ ಹೇಳು, ಯಾರಿಗೂ ಗೊತ್ತಾಗಲ್ವಾ?" ಅವನು ಸುಳ್ಳು ಭರವಸೆ ಕೊಡಲಿಲ್ಲ, ಅದೇ ನನಗೆ ಹಿಡಿಸಿತು. ಅವನು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ.

ಈ ಕಾಗದಗಳು ಬರೀ ಅಕ್ಷರ. ವೆಬ್ ಪುಟದಲ್ಲಿ ನಾವು ಓದುತ್ತಿದ್ದೇವೆ ಅಂತ ಬೇರೆಯವರಿಗೆ ಸುದ್ದಿ ಮುಟ್ಟಿಸುವ ಕಣ್ಣಿಗೆ ಕಾಣದ ಚಿತ್ರಗಳು, 'ಕುಕಿ'ಗಳು ಇರುತ್ತವಂತೆ. ಟಿನ್ ಅಂಥದ್ದೊಂದನ್ನೂ ತೆರೆಯುವುದಿಲ್ಲ. ಯಾವ ಕಾಗದ ಓದಿದೆ, ಯಾವುದು ಬಾಕಿ ಅನ್ನುವ ಲೆಕ್ಕ 'ನ್ಯೂಸ್‌ಆರ್‌ಸಿ' ಅನ್ನುವ ಫೈಲಿನಲ್ಲಿ ನಮ್ಮ ಯಂತ್ರದಲ್ಲೇ ಇರುತ್ತದೆ, ಹಾಲಿನ ಲೆಕ್ಕದ ಪುಸ್ತಕದ ಹಾಗೆ. ಆದರೆ ಮನೆಯವರು ಅದನ್ನು ತೆರೆದರೆ ಗುಂಪಿನ ಹೆಸರು ಕಾಣುತ್ತದೆ. ಅದಕ್ಕೇ ನನಗೆ ಬೇರೆ ಪಾಸ್‌ವರ್ಡ್ ಹಾಕಿಕೊಟ್ಟ. ದಾರಿಯೂ ಎರಡಿವೆ: 119ನೆಯ ಬಾಗಿಲಿನಿಂದ ಹೋದರೆ ಅಂಚೆ ಕಾರ್ಡಿನ ಹಾಗೆ, ದಾರಿಯಲ್ಲಿ ಓದಬಹುದು, 563ರಿಂದ ಹೋದರೆ ಅಂಟಿಸಿದ ಲಕೋಟೆ. ಆದರೂ ಕಾಗದ ಕೊಡುವ ಸರ್ವರಿನವರಿಗೆ ನಾನು ಯಾವುದನ್ನು ಕೇಳಿದೆ ಅಂತ ತಿಳಿಯಬಹುದು. ಅದಕ್ಕೊಂದು ಉಪಾಯ, 'ಲೀಫ್‌ನೋಡ್' ಅನ್ನುವ ಪ್ರೋಗ್ರಾಮು. ಇಡೀ ಗುಂಪಿನ ಕಾಗದದ ಕಟ್ಟನ್ನೇ ಮನೆಗೆ ತಂದು ಹಾಕುತ್ತದೆ. ಆಮೇಲೆ ನೆಟ್ ಬಂದ್ ಮಾಡಿಕೊಂಡು ಓದಬಹುದು. ಕಟ್ಟು ತಂದದ್ದು ಅವರಿಗೆ ಗೊತ್ತು, ಅದರಲ್ಲಿ ಯಾವುದನ್ನು ಬಿಚ್ಚಿದೆ ಅನ್ನುವುದು ಗೊತ್ತಾಗುವುದಿಲ್ಲ.

"ಓದೋದು ಗುಟ್ಟಾಗಿರುತ್ತೆ, ಬರೆಯೋದು ಮಾತ್ರ ಅಲ್ಲ ಅತ್ತೆ" ಅಂತ ಎಚ್ಚರಿಕೆಯನ್ನೂ ಕೊಟ್ಟ. ಒಮ್ಮೆ ಕಾಗದ ಹಾಕಿದರೆ ಅದರ ಪ್ರತಿ ಎಲ್ಲೆಲ್ಲಿಗೋ ಹೋಗುತ್ತದೆ, ಪೂರ್ತಿಯಾಗಿ ವಾಪಸ್ಸು ಕರೆಸಿಕೊಳ್ಳುವುದು ಆಗದ ಮಾತು. ಆದ್ದರಿಂದ ನಾನು ಇವತ್ತಿನವರೆಗೆ ಒಂದು ಸಾಲೂ ಬರೆದಿಲ್ಲ. ಬರೆಯದೆ ಬರೀ ಓದುವವರಿಗೆ ಅವರಲ್ಲಿ 'ಲರ್ಕರ್' ಅನ್ನುತ್ತಾರಂತೆ. ನಮ್ಮಜ್ಜಿಯರು ನಡುಮನೆಯ ಬಾಗಿಲ ಮರೆಯಲ್ಲಿ ನಿಂತು ಗಂಡಸರ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲವೇ? ಅದೇ. ಇಲ್ಲಿ ಬಾಗಿಲ ಆಚೆ ಇದ್ದವರು ಮಾತ್ರ ಹೆಂಗಸರು.

ಈಗಲೂ ಪುಕ್ಕಟೆಯಾಗಿ ಓದಲು ಬಿಡುವ ಸರ್ವರುಗಳಿವೆ, 'ಎಟರ್ನಲ್ ಸೆಪ್ಟೆಂಬರ್' ಅಂಥದ್ದೊಂದು. ದುಡ್ಡು ತೆಗೆದುಕೊಳ್ಳುವ ಕೆಲವರಲ್ಲಿ 2003ರಿಂದ ಈಚಿನ ಹಳೆಯ ಕಾಗದಗಳೂ ಸಿಗುತ್ತವೆ. ಹುಡುಗ ಅಂಥ ಒಂದು ಕಡೆಯಿಂದ ನನಗೆ ಕಟ್ಟು ತಂದುಕೊಟ್ಟು ಊರಿಗೆ ಹೋದ. ಕಸವೂ ಇರುತ್ತದೆ, ಔಷಧಿ ಮಾರುವವರ ಕೂಗು, ಜಗಳ, ಎಲ್ಲ. ಅಕ್ಕಿ ಆರಿಸಿದ ಹಾಗೆ ಆರಿಸಿಕೊಳ್ಳಬೇಕು.

ನನ್ನದು ಎಸ್.ಎಸ್.ಎಲ್.ಸಿ. ಇಂಗ್ಲಿಷು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದಾಗ ದಿನಕ್ಕೆ ನಾಲ್ಕೋ ಐದೋ ಕಾಗದ ಓದಿದೆ. ಇಪ್ಪತ್ತು ವರ್ಷದ ಹಿಂದೆ, ಎಲ್ಲೋ ದೂರದ ದೇಶದಲ್ಲಿ, ನನ್ನ ವಯಸ್ಸಿನ ಹೆಂಗಸರು ಅದೇ ಝಳ, ಅದೇ ಬೆವರು, ಅದೇ ನಿದ್ದೆಗೇಡಿನ ಬಗ್ಗೆ ಬರೆದುಕೊಂಡಿದ್ದರು. ಗಂಡನ ಮೇಲೆ ಸಿಡುಕಿ ಆಮೇಲೆ ಅತ್ತದ್ದನ್ನೂ ಬರೆದಿದ್ದರು. ನನಗೆ ತಲೆ ಕೆಟ್ಟಿಲ್ಲ ಅಂತ ಆ ರಾತ್ರಿ ಗೊತ್ತಾಯಿತು.

ಒಂದು ವಿಷಯ ಮಾತ್ರ ಕಲಿತೆ: ಕಾಗದದ ತಲೆಯ ಮೇಲಿನ ತಾರೀಕು ಮೊದಲು ನೋಡಬೇಕು. 2003ರ ಸುಮಾರಿನ ಕಾಗದಗಳಲ್ಲಿ ಹಾರ್ಮೋನ್ ಮಾತ್ರೆಯ ಭಯವೇ ಭಯ. ಕಾರಣ, 2002ರ ಜುಲೈನಲ್ಲಿ ಅಮೆರಿಕಾದಲ್ಲಿ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು, ಎರಡು ಹಾರ್ಮೋನು ಸೇರಿದ ಮಾತ್ರೆಯಿಂದ ಸ್ತನದ ಕ್ಯಾನ್ಸರ್, ಹೃದಯದ ತೊಂದರೆ, ಪಾರ್ಶ್ವವಾಯುವಿನ ಅಪಾಯ ಹೆಚ್ಚು ಕಂಡಿತೆಂದು ನಡುವೆಯೇ ನಿಲ್ಲಿಸಿದ್ದರು. ಆದರೆ ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ ಲೆಕ್ಕ ಬೇರೆ ಎಂದು ಆಮೇಲೆ ತಿಳಿಯಿತು. ಹಳೆಯ ಕಾಗದ ಧೈರ್ಯ ಕೊಡುತ್ತದೆ, ಔಷಧಿ ಕೊಡುವುದಿಲ್ಲ. ಅದಕ್ಕೆ ಡಾಕ್ಟರೇ ಬೇಕು.

ಸಂಕ್ರಾಂತಿ ಕಳೆದ ಮೇಲೆ ಒಂದು ಚೀಟಿಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಲೇಡಿ ಡಾಕ್ಟರ ಹತ್ತಿರ ಹೋದೆ. ಇದು ಥೈರಾಯ್ಡಿನಿಂದಲೂ ಆಗಬಹುದೇ? ಇಷ್ಟು ರಕ್ತ ಹೋಗುವುದು ಸರಿಯೇ? ಹಾರ್ಮೋನು ಮಾತ್ರೆ ನನಗೆ ಬೇಕೇ, ಬೇಡವೇ? ಅವರು ಕನ್ನಡಕ ಸರಿಮಾಡಿಕೊಂಡು ಚೀಟಿ ಓದಿ, "ಎಲ್ಲರೂ 'ಸುಸ್ತು' ಅಂತ ಒಂದೇ ಮಾತು ಹೇಳ್ತಾರೆ. ನೀವು ಸರಿಯಾಗಿ ಕೇಳಿದ್ದೀರಿ" ಅಂದರು. ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿ ಇತ್ತು, ಸ್ಕ್ಯಾನಿಂಗಿನಲ್ಲೂ ಗಾಬರಿಯಾಗುವಂಥದ್ದು ಇರಲಿಲ್ಲ. ಆದರೆ ರಕ್ತ 8.6ಕ್ಕೆ ಇಳಿದಿತ್ತು. ಇನ್ನೂ ಆರು ತಿಂಗಳು ಸುಮ್ಮನಿದ್ದಿದ್ದರೆ ಬಾವಿಕಟ್ಟೆಯ ಮೇಲೆ ಬಿದ್ದುಹೋಗುತ್ತಿದ್ದೆನೋ ಏನೋ. ರಕ್ತಸ್ರಾವಕ್ಕೆ ಮಾತ್ರೆ, ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಝಳಕ್ಕೆ ಹಾರ್ಮೋನು ಸದ್ಯಕ್ಕೆ ಬೇಡ, ತಡೆಯಲಾರದಷ್ಟಾದರೆ ನೋಡೋಣ, ರಾತ್ರಿ ಕಾಫಿ ಬಿಡಿ ಅಂದರು. ಒಂದು ವರ್ಷ ಪೂರ್ತಿ ಮುಟ್ಟು ನಿಂತ ಮೇಲೆ ಒಂದು ತೊಟ್ಟು ಕಾಣಿಸಿಕೊಂಡರೂ ತಡಮಾಡದೆ ಬನ್ನಿ ಅಂತಲೂ ಹೇಳಿದರು. ಇದನ್ನು ನೀವೂ ನೆನಪಿಟ್ಟುಕೊಳ್ಳಿ.

ಆ ರಾತ್ರಿ ಇವರಿಗೆ ಎಲ್ಲ ಹೇಳಿದೆ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಯಾಕೆ ಮೊದಲೇ ಹೇಳಲಿಲ್ಲ?" ಅಂದರು. ಏನೆನ್ನಲಿ? ಹೇಳುವುದಕ್ಕೆ ಮೊದಲು ನನಗೇ ಮಾತು ಬೇಕಿತ್ತಲ್ಲ. ಆ ಮಾತು ಆ ಕಪ್ಪು ಪರದೆಯಲ್ಲಿ ಸಿಕ್ಕಿತು. ಯಾರಿಗೂ ಕಾಣದಂತೆ ಓದುವುದು ಕಳ್ಳತನ ಅಂತ ನಾವು ಹೆಂಗಸರು ಹೆದರುತ್ತೇವೆ. ಕಳ್ಳತನವಲ್ಲ. ಗುಟ್ಟಾಗಿ ಓದಿ ತಿಳಿದದ್ದರಿಂದಲೇ ನಾನು ಡಾಕ್ಟರ ಮುಂದೆ, ಇವರ ಮುಂದೆ ಬಾಯಿ ಬಿಟ್ಟು ಮಾತಾಡಿದ್ದು.

ಈಗ ನನ್ನ ಅಮ್ಮನ ನೆನಪು ಬರುತ್ತದೆ. ನನ್ನ ವಯಸ್ಸಿನಲ್ಲಿ ಅವಳು ಧನುರ್ಮಾಸದ ಚಳಿಯಲ್ಲೂ ನಡುರಾತ್ರಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದರೆ ಸಿಡಿಮಿಡಿ. "ಅಮ್ಮನ ಬಾಯಿ ಜೋರು" ಅಂತ ಅಣ್ಣ ನಾನು ಆಡಿಕೊಂಡು ನಗುತ್ತಿದ್ದೆವು. ಅವಳಿಗೆ ಕೇಳುವುದಕ್ಕೆ ಒಬ್ಬರೂ ಇರಲಿಲ್ಲ. ಓದುವುದಕ್ಕೆ ಒಂದು ಕಾಗದವೂ ಇರಲಿಲ್ಲ. ಇವತ್ತು ಅವಳಿಲ್ಲ, ತಪ್ಪಾಯಿತಮ್ಮ ಅನ್ನೋಣವೆಂದರೂ.

ಹೋದ ವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡು, "ಅಮ್ಮ, ಅವತ್ತು ಸೌಟು ಎಸೆದಿದ್ದು ಇದಕ್ಕೇನಾ?" ಅಂದಳು. ಹೌದು ಅಂದೆ. ಎದ್ದುಹೋಗಿ ಫ್ಯಾನು ಜೋರು ಮಾಡಿ ಬಂದು ಕೂತಳು.