ಅಳಿವೆಯ ಕಾಣದ ಬೆಳೆ

ಕುಮಟಾ ತಾಲೂಕಿನ ತದಡಿಯಿಂದ ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ಹೊರಟವರು ಇಳಿತದ ಹೊತ್ತಿನಲ್ಲಿ ಸುತ್ತ ಕಣ್ಣಾಡಿಸಬೇಕು. ನೀರು ಸರಿದ ದಿಬ್ಬಗಳಲ್ಲಿ ಹೆಂಗಸರು ಬಗ್ಗಿ ಬಳಚು ಹೆಕ್ಕುವುದು ಕಾಣುತ್ತದೆ. ಮನೆಯ ಸಾರಿಗೂ ಅದೇ, ಸಂತೆಯ ಕಾಸಿಗೂ ಅದೇ.

ಈ ಚಿಪ್ಪಿಜೀವಿಯ ಬಾಲ್ಯ ಮಾತ್ರ ಯಾರ ಕಣ್ಣಿಗೂ ಬೀಳದು. ಮೊದಲ ದಿನಗಳಲ್ಲಿ ಅದು ನೀರಿನಲ್ಲಿ ತೇಲುವ ಪ್ರಾಣಿಪ್ಲವಕ. ಸಿಗಡಿ, ಏಡಿಗಳ ಮರಿಗಳೂ ಅದರ ಜೊತೆಗಾರರು. ಅಲ್ಲೇ ಮಿಲಿಮೀಟರ್ ಗಾತ್ರದ ಕೋಪೆಪಾಡ್‌ಗಳು ಸೂಕ್ಷ್ಮ ಪಾಚಿಯನ್ನೂ ಕೊಳೆತ ಕಾಂಡ್ಲಾ ಎಲೆಯ ಚೂರನ್ನೂ ಮೇಯುತ್ತವೆ. ಅವು ಮೀನುಮರಿಗೆ, ಮೀನುಮರಿ ದೊಡ್ಡ ಮೀನಿಗೆ, ದೊಡ್ಡ ಮೀನು ಹಕ್ಕಿಗೂ ಮನುಷ್ಯನಿಗೂ ಆಹಾರ.

ಮಳೆಗಾಲದಲ್ಲಿ ಅಳಿವೆಯ ನೀರು ಸಪ್ಪೆ, ಬೇಸಿಗೆಯಲ್ಲಿ ಉಪ್ಪು. ಅದಕ್ಕೆ ತಕ್ಕಂತೆ ಪ್ಲವಕಗಳೂ ಬದಲಾಗುತ್ತವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಈ ಲಯ ಉಳಿದಿದೆ. ದಕ್ಷಿಣಕ್ಕೆ, ಹೊನ್ನಾವರದ ಶರಾವತಿ ಅಳಿವೆಯಲ್ಲಿ, ವಿದ್ಯುದಾಗಾರಗಳು ಬಿಟ್ಟ ನೀರು ಬೇಸಿಗೆಯಲ್ಲೂ ಹರಿದು ಬಂದು ಉಪ್ಪು ತಗ್ಗಿದೆ, ಚಿಪ್ಪಿಜೀವಿಗಳೂ ವಿರಳವಾಗಿವೆ.

2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿ ಸೇರಿತು. ಗಡಿ ಗುರುತಿಸಿದ್ದು ಅಳಿವೆಗೆ. ಅದರ ಜೀವ ಮಾತ್ರ ಘಟ್ಟದಿಂದ ಇಳಿದು ಬರುವ ಹೊಳೆಯಲ್ಲಿದೆ. ಆ ಹೊಳೆಗೆ ಕೈಹಾಕಿದರೆ ಹೆಂಗಸರ ಬುಟ್ಟಿ ಬರಿದಾದೀತು.