ಬೆರಳಿಗೆ ಗೊತ್ತು

ಬಟ್ಟೆ ಅಂಗಡಿಯಲ್ಲಿ ಬಾಯಿಯ ಕೆಲಸವೇ ಬೇರೆ, ಬೆರಳಿನ ಕೆಲಸವೇ ಬೇರೆ. ಚಿಕ್ಕಪೇಟೆಯಲ್ಲಿ ಗಾದಿ ಹಾಕಿದ ಯಾವ ಅಂಗಡಿಯಲ್ಲಾದರೂ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಬಣ್ಣ, ಅಂಚು, ಬುಟ್ಟಾ, ಬೆಲೆ ಎಲ್ಲದರ ಮೇಲೂ ಬಾಯಿ ಚರ್ಚೆ ನಡೆಸುತ್ತಿರುತ್ತದೆ. ಹೆಬ್ಬೆರಳು, ತೋರುಬೆರಳುಗಳು ಮಾತ್ರ ಆ ಗಲಾಟೆಗೆ ಸೇರದೆ ಸೆರಗಿನ ಮೂಲೆಯೊಂದನ್ನು ಹಿಡಿದು ಮೆಲ್ಲಗೆ ತಿಕ್ಕುತ್ತಿರುತ್ತವೆ. ಅವೆರಡೂ ಒಪ್ಪದಿದ್ದರೆ ಬೆಲೆ ಎಷ್ಟು ಇಳಿಸಿದರೂ ವ್ಯಾಪಾರ ಕುದುರುವುದಿಲ್ಲ. ಅಂಗಡಿಯವರಿಗೂ ಇದು ಗೊತ್ತು. ಅದಕ್ಕೇ ಅವರು ‘ನೋಡಿ ಅಕ್ಕಾ’ ಅಂತ ನಿಲ್ಲಿಸುವುದಿಲ್ಲ. ‘ಮುಟ್ಟಿ ನೋಡಿ ಅಕ್ಕಾ, ಬೆಣ್ಣೆ!’ ಅನ್ನುತ್ತಾರೆ.

ನಮ್ಮತ್ತೆಯವರು ಆ ಬೆಣ್ಣೆಗೆ ಸುಲಭವಾಗಿ ಜಾರಿದವರಲ್ಲ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡುತ್ತಿದ್ದರು, ಅದು ಸುಕ್ಕು ಬಿಚ್ಚಿಕೊಳ್ಳುವುದನ್ನು ಕಾಯುತ್ತಿದ್ದರು, ಬೆಳಕಿಗೆ ಹಿಡಿಯುತ್ತಿದ್ದರು. ಕೊನೆಗೆ ಅವರ ಬ್ರಹ್ಮಾಸ್ತ್ರ: ಎರಡು ಕೈಯಲ್ಲೂ ಹಿಡಿದು ಬಟ್ಟೆಗೆ ಬಟ್ಟೆಯನ್ನೇ ಜೋರಾಗಿ ಉಜ್ಜುವುದು. ಬಿಳಿ ಹುಡಿ ಉದುರಿತೋ, ‘ಇದರಲ್ಲಿ ಬಟ್ಟೆ ಕಮ್ಮಿ ಕಣಪ್ಪ, ಗಂಜಿ ಜಾಸ್ತಿ’ ಎಂದು ಅಂಗಡಿಯವನ ಎದುರಿಗೇ ತೀರ್ಪು. ಪಕ್ಕದಲ್ಲಿದ್ದ ನನಗೆ ನಾಚಿಕೆ. ಅವರಿಗೇಕೆ ನಾಚಿಕೆ? ದುಡ್ಡು ಅವರದು.

ಅವರ ಅನುಮಾನಕ್ಕೆ ಚರಿತ್ರೆಯ ಬೆಂಬಲವೂ ಇತ್ತು ಅನ್ನುವುದು ನನಗೆ ತಡವಾಗಿ ತಿಳಿಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ಬಹುತೇಕ ನಿಂತಿತು. ಇದ್ದ ಹತ್ತಿಯ ಬೆಲೆ ಗಗನಕ್ಕೇರಿತು. ಗಿರಣಿಯವರು ಕಂಡುಕೊಂಡ ದಾರಿ ಎಂದರೆ ನೂಲಿನ ಗಂಜಿಗೆ ಹಿಟ್ಟಿನ ಜೊತೆ ಚೀನಾ ಮಣ್ಣನ್ನೂ ಧಾರಾಳವಾಗಿ ಸೇರಿಸುವುದು. ಪಿಂಗಾಣಿ ಪಾತ್ರೆ ಮಾಡುವ ಅದೇ ಬಿಳಿ ಜೇಡಿ. ಬಟ್ಟೆ ಕೈಗೆ ದಪ್ಪ, ತುಂಬು, ನಯ. ಹೀಗೆ ತೂಕ ಏರಿಸಿಕೊಂಡ ಮಾಲು ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. ಮೊದಲ ಒಗೆತಕ್ಕೆ ಮಣ್ಣು ಮಣ್ಣಿಗೆ ಸೇರಿ, ಕೈಯಲ್ಲಿ ಉಳಿಯುತ್ತಿದ್ದದ್ದು ಜಾಳುಜಾಳಾದ ಅರಿವೆ. ಬೆರಳನ್ನು ನಂಬಬೇಕು, ನಿಜ. ಆದರೆ ಬೆರಳಿಗೂ ಮೋಸ ಮಾಡಬಹುದು ಅನ್ನುವುದನ್ನು ವ್ಯಾಪಾರಿಗಳು ಬಹಳ ಹಿಂದೆಯೇ ಕಲಿತಿದ್ದರು.

ಈ ಮುಟ್ಟಿ ನೋಡುವ ವಿದ್ಯೆಯನ್ನು ಯಂತ್ರಕ್ಕೆ ಕಲಿಸಲು ಹೊರಟವರು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಸುಯೇಒ ಕವಬಾತ. 1970ರ ದಶಕದಲ್ಲಿ ಅವರು ಗಿರಣಿಗಳಲ್ಲಿ ಬಟ್ಟೆ ಮುಟ್ಟಿಯೇ ಬದುಕು ಸವೆಸಿದ ಪರಿಣತರನ್ನು ಕಲೆಹಾಕಿ, ಅವರು ಒಳ್ಳೆಯದು ಅಂದದ್ದು ಯಾಕೆ ಒಳ್ಳೆಯದು ಎಂದು ಕೆದಕಿದರು. ಕೊನೆಗೆ ನಾಲ್ಕು ಯಂತ್ರ ತಯಾರಾದವು. ಒಂದು ಬಟ್ಟೆಯನ್ನು ಎಳೆಯುತ್ತದೆ, ಒಂದು ಬಾಗಿಸುತ್ತದೆ, ಒಂದು ಒತ್ತುತ್ತದೆ, ಇನ್ನೊಂದು ಮೇಲ್ಮೈಯನ್ನು ಸವರುತ್ತದೆ. ಎಲ್ಲ ಸೇರಿ ಹದಿನಾರು ಅಳತೆ. ಅತ್ತೆಯವರು ಮಾಡುತ್ತಿದ್ದದ್ದೂ ಬಹುತೇಕ ಇಷ್ಟೇ ಅಲ್ಲವೇ? ಎಳೆಯುವುದು, ಬಾಗಿಸುವುದು, ಹಿಂಡುವುದು, ಸವರುವುದು. ವರದಿ ಬರೆಯುತ್ತಿರಲಿಲ್ಲ, ಬಾಯಲ್ಲಿ ಹೇಳುತ್ತಿದ್ದರು.

ಅಂಗಡಿಯ ಮೆತ್ತನೆ ಎಲ್ಲಿಂದ ಬರುತ್ತದೆ ಅನ್ನುವುದು ಸ್ವಲ್ಪ ತಮಾಷೆಯ ಕಥೆ. ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ತೆಳ್ಳನೆಯ ಮೇಣವಿರುತ್ತದೆ. ತೂಕದಲ್ಲಿ ನೂರಕ್ಕೆ ಒಂದು ಪಾಲೂ ಇರದ ಆ ಮೇಣವೇ ಹತ್ತಿಯ ಸ್ವಂತ ಮೃದುತ್ವ. ಅದು ಇರುವತನಕ ಬಟ್ಟೆ ನೀರು ಹೀರದು, ಬಣ್ಣ ಹಿಡಿಯದು. ಹಾಗಾಗಿ ನೇಯ್ದ ಮೇಲೆ ಗಿರಣಿಯಲ್ಲಿ ಕಾಸ್ಟಿಕ್ ಸೋಡಾ ಹಾಕಿ ಕುದಿಸಿ ಮೇಣವನ್ನು ಪೂರಾ ತೆಗೆಯುತ್ತಾರೆ. ಬಿಳುಪು ಮಾಡುತ್ತಾರೆ, ಬಣ್ಣ ಹಾಕುತ್ತಾರೆ. ಅಷ್ಟು ಹೊತ್ತಿಗೆ ಬಟ್ಟೆ ಒರಟೊರಟು. ಈಗ ಅದಕ್ಕೆ ಹೊರಗಿನಿಂದ ಜಿಡ್ಡು ಹಚ್ಚಬೇಕು! ತೆಗೆದದ್ದನ್ನೇ ಬೇರೆ ಹೆಸರಲ್ಲಿ ಮರಳಿ ಹಾಕುವ ಈ ಕೆಲಸಕ್ಕೆ ಫಿನಿಶಿಂಗ್ ಅನ್ನುತ್ತಾರೆ. ಹಿಂದೆ ಸಾಬೂನು, ಪ್ರಾಣಿಗಳ ಕೊಬ್ಬು, ಎಣ್ಣೆ ನಡೆಯುತ್ತಿತ್ತು. ನಮ್ಮ ಹರಳೆಣ್ಣೆಗೆ ಗಂಧಕಾಮ್ಲ ಸೇರಿಸಿ ನೀರಿನಲ್ಲಿ ಬೆರೆಯುವಂತೆ ಮಾಡಿದ ‘ಟರ್ಕಿ ರೆಡ್ ಆಯಿಲ್’ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬಣ್ಣದ ಮನೆಗಳಲ್ಲಿ ಹೆಸರುವಾಸಿ. ಮಕ್ಕಳ ಹೊಟ್ಟೆ ಸಡಿಲಿಸಿದ ಎಣ್ಣೆಯೇ ಬಟ್ಟೆಯ ಬಿಗುವನ್ನೂ ಸಡಿಲಿಸಿತು. ಈಗ ಆ ಜಾಗಕ್ಕೆ ಸಿಲಿಕೋನ್ ಬಂದಿದೆ. ಅಂಗಡಿಯ ‘ಬೆಣ್ಣೆ’ ಬಹುಮಟ್ಟಿಗೆ ಅದರದ್ದೇ ಜಾರುವಿಕೆ. ನಾಲ್ಕಾರು ಒಗೆತದಲ್ಲಿ ಅದು ಕಡಿಮೆಯಾಗುತ್ತಾ ಹೋದಂತೆ ಬಟ್ಟೆಯ ನಿಜವಾದ ಸ್ವಭಾವ ತಿಳಿಯುತ್ತದೆ. ಸಂಬಂಧ ಬೆಳೆಸುವಾಗಲೂ ಹಿರಿಯರು ‘ನಾಲ್ಕು ದಿನ ಕಳೆಯಲಿ’ ಅನ್ನುತ್ತಿದ್ದದ್ದು ಸುಮ್ಮನೆ ಇರಲಾರದು.

ರೇಷ್ಮೆಯದು ಇದಕ್ಕಿಂತ ನೇರವಾದ ವ್ಯವಹಾರ. ರಾಮನಗರದ ಮಾರುಕಟ್ಟೆಯಿಂದ ಬಂದ ಗೂಡಿನಿಂದ ಬಿಚ್ಚಿದ ಕಚ್ಚಾ ನೂಲನ್ನು ಮುಟ್ಟಿದವರು ಇದೇನು ರೇಷ್ಮೆಯೇ ಎಂದು ಕೇಳುತ್ತಾರೆ. ಬಿರುಸು, ಮಂಕು. ಹುಳು ತನ್ನ ಎಳೆಗಳನ್ನು ಅಂಟಿಸಲು ಬಳಸಿದ ಸೆರಿಸಿನ್ ಎಂಬ ಗೋಂದು ಅದರ ತುಂಬ ಇರುತ್ತದೆ. ಸಾಬೂನು, ಸೋಡಾ ಹಾಕಿದ ಬಿಸಿನೀರಿನಲ್ಲಿ ಬೇಯಿಸಿದರೆ ಗೋಂದು ಬಿಟ್ಟು ಹೋಗಿ ಒಳಗಿನ ಹೊಳಪು ಹೊರಬರುತ್ತದೆ. ಅದರ ಜೊತೆಗೆ ತೂಕದ ಸುಮಾರು ಕಾಲು ಭಾಗವೂ ಹೋಗುತ್ತದೆ. ತೂಕದಿಂದ ಮಾರುವವರಿಗೆ ಇದು ಎಂಥ ಸಂಕಟ! ಯುರೋಪಿನಲ್ಲಿ ಒಂದು ಕಾಲದಲ್ಲಿ ಆ ನಷ್ಟ ತುಂಬಲು ರೇಷ್ಮೆಗೆ ತವರದ ಲವಣ ಕುಡಿಸುತ್ತಿದ್ದರು. ಆ ಉಡುಪುಗಳು ಈಗ ವಸ್ತುಸಂಗ್ರಹಾಲಯಗಳಲ್ಲಿ ಮಡಿಕೆ ಮಡಿಕೆಯಲ್ಲೇ ಒಡೆದು ಚೂರಾಗುತ್ತಿವೆ.

ಮೈಸೂರು ಕ್ರೇಪ್ ಸೀರೆಯ ಗುಟ್ಟೂ ಈ ಗೋಂದಿನಲ್ಲೇ ಇದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರುವಾದ ಕಾರ್ಖಾನೆಯ ಸೀರೆ ಅದು. ಕ್ರೇಪಿಗೆ ನೂಲನ್ನು ಬಿಗಿಯಾಗಿ ಹುರಿ ಹಾಕಿ, ಗೋಂದು ಇರುವಾಗಲೇ ನೇಯುತ್ತಾರೆ. ಗೋಂದು ಆ ಹುರಿಯನ್ನು ಅಲ್ಲಾಡದಂತೆ ಹಿಡಿದಿರುತ್ತದೆ. ನೇಯ್ದ ಮೇಲೆ ಬೇಯಿಸಿದಾಗ ಹಿಡಿತ ತಪ್ಪಿ, ಒಂದೊಂದು ನೂಲೂ ಬಿಚ್ಚಿಕೊಳ್ಳಲು ಹೊರಳಿ, ಪಕ್ಕದ ನೂಲು ಬಿಡದೆ ಅಲ್ಲಲ್ಲೇ ಕುಗ್ಗಿ ನಿಲ್ಲುತ್ತದೆ. ಬೆರಳಿಗೆ ಸಿಗುವ ಆ ಸಣ್ಣ ಸಣ್ಣ ತರಿ, ಮೈಗೆ ಒರಗಿ ಇಳಿಯುವ ಆ ಬೀಳು ಹುಟ್ಟುವುದು ಹೀಗೆ. ಏನನ್ನೂ ಹಚ್ಚಿಲ್ಲ, ತೆಗೆದದ್ದು ಮಾತ್ರ. ಅದಕ್ಕೇ ಅಜ್ಜಿಯ ಕ್ರೇಪು ಮೊಮ್ಮಗಳ ಕೈಯಲ್ಲೂ ಹಾಗೇ ಇರುತ್ತದೆ. ಇನ್ನು ಕೆಲವು ರೇಷ್ಮೆ ಉಟ್ಟು ನಡೆದರೆ ಸರಸರ ಸದ್ದು ಬರುತ್ತದಲ್ಲ, ಅದನ್ನು ರೇಷ್ಮೆಯ ಜನ್ಮಗುಣ ಎಂದು ನಂಬಿದ್ದೆವು. ಬೇಯಿಸಿದ ರೇಷ್ಮೆಯನ್ನು ತೆಳು ಹುಳಿನೀರಿನಲ್ಲಿ, ಅಂದರೆ ವಿನೆಗರಿನಲ್ಲಿರುವಂಥ ಆಮ್ಲದಲ್ಲಿ ಅದ್ದಿ ತೆಗೆದರೆ ಆ ಸದ್ದು ಬರುತ್ತದಂತೆ! ಮದುವೆ ಮನೆಯ ಗತ್ತಿನಲ್ಲಿ ಹುಳಿಯ ಪಾಲೂ ಇದೆ.

ಮೆತ್ತಗಿದ್ದರೇ ಚೆನ್ನ ಅಂತ ಯಾರು ಹೇಳಿದರು ಅನ್ನುವುದು ಬೇರೆ ಪ್ರಶ್ನೆ. ಚಳ್ಳಕೆರೆ ಕಡೆಯ ಕಂಬಳಿಯನ್ನು ಮುಟ್ಟಿ ನೋಡಿದ್ದೀರಾ? ಡೆಕ್ಕನಿ ಕುರಿಯ ಒರಟು ಉಣ್ಣೆ; ಸಾಲದ್ದಕ್ಕೆ ಹಾಸಿನ ನೂಲಿಗೆ ಹುಣಸೆಬೀಜ ಬೇಯಿಸಿದ ಅಂಟು ಬೇರೆ. ಹೊಸ ಕಂಬಳಿ ಮೈ ಚುಚ್ಚುತ್ತದೆ. ಚುಚ್ಚಿದರೇನು, ಮಳೆಗೆ ಕೊಪ್ಪೆ ಹಾಕಿಕೊಂಡರೆ ನೀರು ಒಳಗೆ ಬಿಡದು, ಹೊಲದಲ್ಲಿ ಹಾಸಿದರೆ ನೆಲದ ತಂಡಿ ಬಿಡದು, ದೇವರ ಕಾರ್ಯಕ್ಕೆ ಗದ್ದುಗೆಯೂ ಆಗುತ್ತದೆ. ಅದನ್ನು ಮೆತ್ತಗೆ ಮಾಡಿಕೊಡುತ್ತೇವೆ ಎಂದರೆ ಕುರಿ ಕಾಯುವವರು ನಗುತ್ತಾರೆ. ಎಲ್ಲವನ್ನೂ ಮೆತ್ತಗೆ ಮಾಡಹೊರಡುವ ವಿನ್ಯಾಸಗಾರರಿಗೆ ಮಾತ್ರ ಈ ಮಾತು ಇನ್ನೂ ತಲುಪಿದಂತಿಲ್ಲ.

ಮನೆಯಲ್ಲೂ ಅಷ್ಟೆ, ಮೆತ್ತಗಾದ ಬಟ್ಟೆಯನ್ನು ಮತ್ತೆ ಬಿರುಸು ಮಾಡಲು ನಾವು ಪಟ್ಟ ಪಾಡೇನು ಕಡಿಮೆಯೇ? ಅನ್ನ ಬಸಿದ ಗಂಜಿ, ಅದು ಸಾಲದಿದ್ದರೆ ಸಬ್ಬಕ್ಕಿಯದು, ಅವಸರಕ್ಕೆ ಮೈದಾದ್ದು. ತೆಳ್ಳಗೆ ಮಾಡಿ, ಗಂಟಿಲ್ಲದಂತೆ ಸೋಸಿ, ಚೂರು ನೀಲಿ ಸೇರಿಸಿ, ಸೀರೆ ಅದ್ದಿ ಹಿಂಡಿ, ಇಬ್ಬರು ಎರಡು ತುದಿ ಹಿಡಿದು ಝಾಡಿಸಬೇಕು. ಆ ಇನ್ನೊಂದು ತುದಿಗೆ ಯಾವಾಗಲೂ ನಾನೇ ಸಿಗುತ್ತಿದ್ದೆ. ಗಂಜಿ ಹಾಕಿದ ಹತ್ತಿ ಸೀರೆ ಉಟ್ಟು ನಿಂತ ಮೇಡಂ ಎದುರು ಇಡೀ ಕ್ಲಾಸು ತೆಪ್ಪಗಾಗುತ್ತಿತ್ತು. ಖಾದಿ ತೊಟ್ಟ ನಾಯಕರಿಗೂ ಗಂಜಿಯಿಲ್ಲದೆ ಗಾಂಭೀರ್ಯವಿಲ್ಲ. ಗಂಜಿಯ ಒಂದು ಉಪಕಾರವನ್ನೂ ಹೇಳಬೇಕು: ಕೊಳೆ ನೂಲಿಗೆ ಇಳಿಯದೆ ಗಂಜಿಯ ಮೇಲೇ ಕೂತು, ಒಗೆದಾಗ ಅದರ ಜೊತೆಗೇ ಹೊರಟುಹೋಗುತ್ತದೆ. ಅಪಕಾರ ಏನೆಂದರೆ ಗಂಜಿ ಜಿರಲೆಗೂ ಪ್ರಿಯ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಡುವ ಸೀರೆಯನ್ನು ಗಂಜಿ ತೆಗೆದೇ ಇಡಬೇಕು.

ಬಟ್ಟೆ ತಾನಾಗಿಯೇ ಮೆತ್ತಗಾಗುವುದಕ್ಕೆ ಬೇಕಾದದ್ದು ಕಾಲ. ಅಷ್ಟು ಕಾಲ ಕಾಯದವರಿಗಾಗಿ ಬಳ್ಳಾರಿ ಇದೆ. ಅಲ್ಲಿ ಹೊಲಿದ ಜೀನ್ಸ್ ಪ್ಯಾಂಟುಗಳು ಹೊಲಿದಾಗ ತಟ್ಟಿನಷ್ಟೇ ಬಿರುಸು. ಅವು ವಾಷಿಂಗ್ ಘಟಕದ ದೊಡ್ಡ ಡ್ರಮ್ಮಿನಲ್ಲಿ ಹೊರಳಾಡಿ ಬಂದ ಮೇಲೇ ಅಂಗಡಿಗೆ ಯೋಗ್ಯ. ಮೊದಮೊದಲು ಜಗತ್ತಿನ ಎಲ್ಲೆಡೆ ಡ್ರಮ್ಮಿಗೆ ಜ್ವಾಲಾಮುಖಿಯ ಹಗುರ ಕಲ್ಲು, ಪ್ಯೂಮಿಸ್, ಹಾಕುತ್ತಿದ್ದರು. ಆಮೇಲೆ ಕಲ್ಲಿನ ಕೆಲಸವನ್ನು ಸೆಲ್ಯುಲೇಸ್ ಎಂಬ ಕಿಣ್ವ ಹಂಚಿಕೊಂಡಿತು. ಹತ್ತಿಯನ್ನೇ ತಿನ್ನುವ ಕಿಣ್ವ ಅದು. ನೂಲಿನ ಮೇಲೆ ಎದ್ದ ಜುಂಗನ್ನು ಮೇಯ್ದು ಮೇಲ್ಮೈಯನ್ನು ನುಣುಪು ಮಾಡುತ್ತದೆ. ಹದ ಮೀರಿದರೆ ಬಟ್ಟೆಯನ್ನೂ ಮೇಯುತ್ತದೆ.

ಆ ಕಿಣ್ವದ ಪೂರ್ವಕಥೆ ನನಗೆ ಬಲು ಇಷ್ಟ. ಎರಡನೇ ಮಹಾಯುದ್ಧದಲ್ಲಿ ಸೊಲೊಮನ್ ದ್ವೀಪಗಳ ತೇವದಲ್ಲಿ ಬೀಡುಬಿಟ್ಟ ಅಮೆರಿಕದ ಸೈನ್ಯದ ಕ್ಯಾನ್ವಾಸ್ ಡೇರೆಗಳು ಶತ್ರುವಿನ ಗುಂಡಿಲ್ಲದೆಯೇ ತೂತು ಬೀಳತೊಡಗಿದವು. ಕಾರಣ ಒಂದು ಬೂಸ್ಟು. ಅದನ್ನು ಸೈನ್ಯದ ಪ್ರಯೋಗಾಲಯಕ್ಕೆ ಹೊತ್ತು ತಂದರು, ಕೊಲ್ಲುವ ಉಪಾಯಕ್ಕಾಗಿ. ಎಲ್ವಿನ್ ರೀಸ್ ಎಂಬ ವಿಜ್ಞಾನಿ ಅದನ್ನು ಓದುತ್ತಾ ಓದುತ್ತಾ, ಅದು ಉಗುಳುವ ಕಿಣ್ವವೇ ಆಸ್ತಿ ಎಂದು ತೋರಿಸಿಕೊಟ್ಟರು. ಮುಂದೆ ಆ ಬೂಸ್ಟಿಗೆ ಟ್ರೈಕೊಡರ್ಮಾ ರೀಸೀ ಎಂದು ಅವರದೇ ಹೆಸರಾಯಿತು. ಡೇರೆ ತಿಂದ ಬೂಸ್ಟಿನ ವಂಶದವರೇ ಇವತ್ತು ಕಾಲೇಜು ಹುಡುಗರ ಪ್ಯಾಂಟನ್ನು ಹದಗೊಳಿಸುವವರು. ಜೀನ್ಸ್ ತೊಳೆದು ಬಿಟ್ಟ ನೀಲಿ ನೀರು ಎಲ್ಲಿಗೆ ಹೋಗಬೇಕು ಅನ್ನುವ ತಕರಾರು ಮಾತ್ರ ಯಾವ ಕಿಣ್ವಕ್ಕೂ ಕರಗಿಲ್ಲ. ಹೊಸದನ್ನು ಹಳೆಯದು ಮಾಡಲು ಇಷ್ಟು ನೀರು ಸುರಿಯುವುದು ನನಗಂತೂ ಒಪ್ಪಿಗೆಯಿಲ್ಲ.

ಹಳೆಯದಾಗುವುದು ಎಂದರೆ ಏನು? ಒಗೆದಂತೆಲ್ಲ ಮಗ್ಗದ ಗಂಜಿ ಹೋಗಿ, ನೂಲು ಸಡಿಲವಾಗಿ, ಮೋಟು ಎಳೆಗಳು ಉದುರಿ, ಬಟ್ಟೆ ಬಾಗುವುದನ್ನು ಕಲಿಯುತ್ತದೆ. ಇನ್ನೂ ಬಿಡಿಸಿ ಹೇಳಿದರೆ, ಅದು ಹರಿಯುವ ದಿನಕ್ಕೆ ಹತ್ತಿರವಾಗುತ್ತಿದೆ. ನಮ್ಮ ಹೆಂಗಸರು ಇದನ್ನು ಬಲ್ಲವರಾದ್ದರಿಂದ ಆ ನಡುವಿನ ಹದವನ್ನು ಹಾಳು ಮಾಡಲಿಲ್ಲ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತೊಡಿಸಬಾರದು ಎಂದು ಅಜ್ಜಿಯ ಹಳೇ ಸೀರೆಯನ್ನೋ ತಾತನ ಪಂಚೆಯನ್ನೋ ಹರಿದು ಸುತ್ತುತ್ತಿದ್ದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಸವೆದ ಸೀರೆಗಳು ಪದರ ಪದರವಾಗಿ ಕೂಡಿ ಕೌದಿ ಆದವು. ಯಾವ ಸಿಲಿಕೋನೂ ಇಲ್ಲದೆ ಬಂದ ಮೆತ್ತನೆ. ಈಗ ಕೌದಿ ಪ್ರದರ್ಶನಕ್ಕೆ ಬರುತ್ತದೆ, ಹೊಸ ಬಟ್ಟೆಯಲ್ಲೇ ಹೊಲಿದ ಕೌದಿ. ಮುಟ್ಟಿದರೆ ತಿಳಿದುಬಿಡುತ್ತದೆ.

ನಮ್ಮ ಮನೆಯ ಇತ್ತೀಚಿನ ಚರ್ಚೆ ಟವೆಲ್ಲಿನದು. ಬಿಸಿಲಲ್ಲಿ ಒಣಗಿದ ಟವೆಲ್ಲು ಸೆಟೆದು ನಿಲ್ಲುತ್ತದೆ ಎಂದು ಸೊಸೆ ಒಗೆಯುವ ಮೆಷಿನ್ನಿಗೆ ಪರಿಮಳದ ಸಾಫ್ಟ್‌ನರ್ ಸುರಿಯುತ್ತಾಳೆ. ಅರ್ಧ ತಪ್ಪು ಬೋರ್‌ವೆಲ್ ನೀರಿನದು. ಗಡಸು ನೀರಿಗೆ ಸಾಬೂನು ಸೇರಿ ಆಗುವ ಗಸಿ ಬಟ್ಟೆಯಲ್ಲೇ ಉಳಿಯುತ್ತದೆ. ಉಳಿದರ್ಧಕ್ಕೆ 2020ರಲ್ಲಿ ಜಪಾನಿನ ಕಾವೊ ಕಂಪನಿ ಮತ್ತು ಹೊಕ್ಕೈಡೊ ವಿಶ್ವವಿದ್ಯಾಲಯದವರು ಒಂದು ಉತ್ತರ ಕೊಟ್ಟಿದ್ದಾರೆ. ಎಷ್ಟೇ ಒಣಗಿದರೂ ಹತ್ತಿಯ ಎಳೆಯ ಮೇಲೆ ಚೂರು ನೀರು ಕಚ್ಚಿಕೊಂಡಿರುತ್ತದೆ. ಎಳೆಗೆ ಎಳೆ ತಾಗಿದಲ್ಲೆಲ್ಲ ಆ ನೀರೇ ಅಂಟಾಗಿ ಕೆಲಸ ಮಾಡುತ್ತದೆ. ಕೈಯಲ್ಲಿ ಉಜ್ಜಿದರೆ ಅಂಟು ಬಿಡುತ್ತದೆ, ಬಟ್ಟೆ ಮೆತ್ತಗಾಗುತ್ತದೆ. ಸಾಫ್ಟ್‌ನರ್ ಮಾಡುವುದೂ ಎಳೆಗಳನ್ನು ಹೀಗೆ ಬೇರೆ ಇಡುವ ಕೆಲಸವನ್ನೇ, ಆದರೆ ಜಿಡ್ಡು ಬಳಿದು. ಅದರ ಅಣುವಿನ ಧನ ವಿದ್ಯುತ್ತಿನ ತುದಿ ಹತ್ತಿಗೆ ಅಂಟಿಕೊಂಡು, ಜಿಡ್ಡಿನ ಬಾಲ ಹೊರಗೆ ಚಾಚಿರುತ್ತದೆ. ಜಿಡ್ಡು ನೀರನ್ನು ಹೀರುತ್ತದೆಯೇ?

ಆದ್ದರಿಂದ ಓದುಗರಲ್ಲಿ ವಿನಂತಿ. ಸೀರೆಗೋ ಸ್ವೆಟರಿಗೋ ಸಾಫ್ಟ್‌ನರ್ ಹಾಕಲೇಬೇಕು ಅನ್ನಿಸಿದರೆ ಕೊನೆಯ ನೀರಿಗೆ ಮಾತ್ರ ಹಾಕಿ. ಸಾಬೂನಿನ ಪುಡಿಯ ಜೊತೆ ಸೇರಿಸಿದರೆ ಎರಡೂ ಒಂದನ್ನೊಂದು ಕಟ್ಟಿಹಾಕಿ ಎರಡೂ ದಂಡ. ಟವೆಲ್ಲಿಗೆ ಮಾತ್ರ ಬೇಡವೇ ಬೇಡ. ಒಣಗಿದ ಮೇಲೆ ತಂತಿಯಿಂದ ತೆಗೆದು ಜೋರಾಗಿ ನಾಲ್ಕು ಸಲ ಕೊಡವಿ, ಎರಡು ಕೈಯಲ್ಲಿ ಒಮ್ಮೆ ಉಜ್ಜಿ ಮಡಚಿಡಿ. ಟವೆಲ್ಲು ಇರುವುದು ಮೈ ಒರೆಸಲು.